ಹ್ಯಾರೋ ಸ್ಟೇಷನ್ನಿನ ಬೆಂಚಿನ ಮೇಲೆ ಅಪ್ಪ

ಲಂಡನ್ನಿಗೆ ಹೊಸದಾಗಿ ಬಂದವರಿಗೆ ನಾನು ಹೇಳೋ ಮೊದಲ ಬುದ್ಧಿಮಾತು ಇದು: ಹ್ಯಾರೋ ಅಂತ ಕಂಡ ಕೂಡಲೇ ಇಳೀಬೇಡಿ, ಹೆಸರು ಪೂರ್ತಿ ಓದಿ. ಹ್ಯಾರೋ ಆನ್ ದ ಹಿಲ್ ಬೇರೆ, ನಮ್ಮ ಹ್ಯಾರೋ ಅಂಡ್ ವೀಲ್ಡ್‌ಸ್ಟೋನ್ ಬೇರೆ. ಬಂದ ಮೊದಲ ದಿನವೇ ನಾನು ತಪ್ಪು ಸ್ಟೇಷನ್ನಲ್ಲಿ ಇಳಿದು, ಎರಡು ಸೂಟ್‌ಕೇಸ್ ಎಳ್ಕೊಂಡು ಮಳೆಯಲ್ಲಿ ನಡೆದವಳು.

ಈಗ ಮೂರು ವರ್ಷದಿಂದ ಇದೇ ನನ್ನ ಸ್ಟೇಷನ್. ಆತುರ ಇದ್ದರೆ ಯೂಸ್ಟನ್‌ಗೆ ಫಾಸ್ಟ್ ಟ್ರೈನು, ಕಾಲು ಗಂಟೆ ಸಾಕು. ಕೂತು ನಿದ್ದೆ ಮಾಡಬೇಕು ಅಂದರೆ ಬೇಕರ್ಲೂ ಲೈನ್. ಅದು ಹೊರಡೋದೇ ಇಲ್ಲಿಂದ, ಹಾಗಾಗಿ ಸೀಟು ಗ್ಯಾರಂಟಿ. ಅದೇ ಹಳಿಗಳ ಮೇಲೆ ಓವರ್‌ಗ್ರೌಂಡ್ ಕೂಡ ಓಡುತ್ತದೆ. 2024ರಲ್ಲಿ ಅದಕ್ಕೆ ಲಯನೆಸ್ ಲೈನ್ ಅಂತ ಹೆಸರಿಟ್ಟರು, ಇಂಗ್ಲೆಂಡ್ ಮಹಿಳಾ ಫುಟ್‌ಬಾಲ್ ತಂಡದ ಗೌರವಕ್ಕೆ. ನನಗೆ ಈ ಸ್ಟೇಷನ್ ಬಗ್ಗೆ ಇಷ್ಟೇ ಗೊತ್ತಿದ್ದದ್ದು. ಉಳಿದದ್ದೆಲ್ಲ ಕಳೆದ ಅಕ್ಟೋಬರ್‌ನಲ್ಲಿ ಅಪ್ಪ ಬಂದ ಮೇಲೆ.

ಅಪ್ಪ ರಿಟೈರ್ಡ್ ಲೋಕೋ ಪೈಲಟ್. ಬಿಗ್ ಬೆನ್ ಅನ್ನು ಹತ್ತು ನಿಮಿಷ ನೋಡಿ 'ಚೆನ್ನಾಗಿದೆ' ಅಂದರು, ಮುಗೀತು. ಆದರೆ ಹ್ಯಾರೋ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರೆ ಏಳೋದೇ ಇಲ್ಲ. ನಾವು ಹತ್ತಬೇಕಾದ ಟ್ರೈನನ್ನೇ ಬಿಟ್ಟು, ಪಕ್ಕದ ಹಳಿಯಲ್ಲಿ ನಿಲ್ಲದೆ ನುಗ್ಗೋ ಪೆಂಡೊಲಿನೊಗಳನ್ನು ನೋಡ್ತಾ, ದೂರದ ಸಿಗ್ನಲ್ ಬಣ್ಣ ಬದಲಾದಾಗಲೆಲ್ಲ ಮೆಲ್ಲಗೆ ಕೂಗೋರು. "ಡಬಲ್ ಎಲ್ಲೋ... ಗ್ರೀನ್." ನಮ್ಮಲ್ಲಿ ಪೈಲಟ್ ಮತ್ತು ಅಸಿಸ್ಟೆಂಟ್ ಇಬ್ಬರೂ ಪ್ರತಿ ಸಿಗ್ನಲ್ಲನ್ನೂ ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಬೇಕು. ರಿಟೈರ್ ಆದರೂ ಆ ಅಭ್ಯಾಸ ಹೋಗಿಲ್ಲ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಆಟೋದವರು ತಿರುಗಿ ನೋಡ್ತಾರೆ.

ಸ್ಟೇಷನ್ ಹೊರಗೆ ಒಂದು ಫಲಕ ಇದೆ. ಮೂರು ವರ್ಷ ಅದರ ಕೆಳಗೇ ಓಡಾಡಿದ್ದೇನೆ, ಓದಿರಲಿಲ್ಲ. ಅಪ್ಪ ಮೊದಲ ದಿನವೇ ನಿಂತು ಓದಿದರು. ಆಮೇಲೆ ಮನೆಗೆ ಬಂದು ಫೋನ್ ಹಿಡಿದು ರಾತ್ರಿ ಒಂದು ಗಂಟೆವರೆಗೆ ಕೂತರು.

1837ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲುದಾರಿಯ ಮೊದಲ ತುಂಡು ಶುರುವಾದಾಗಲೇ ಈ ಸ್ಟೇಷನ್ ಹುಟ್ಟಿತು. ಆಗ ಸುತ್ತ ಬರೀ ಹೊಲ; ಹ್ಯಾರೋ ಊರು ದೂರದ ಗುಡ್ಡದ ಮೇಲೆ. ವೀಲ್ಡ್‌ಸ್ಟೋನ್ ಹೆಸರು ಸೇರಿದ್ದು 1897ರಲ್ಲಿ, ಬೇಕರ್ಲೂ ಬಂದಿದ್ದು 1917ರಲ್ಲಿ. ಆದರೆ ಅಪ್ಪ ಹಿಡ್ಕೊಂಡಿದ್ದು ಒಂದೇ ದಿನ: 1952ರ ಅಕ್ಟೋಬರ್ 8.

ಬೆಳಗ್ಗೆ 8.19. ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ಟ್ರಿಂಗ್ ಕಡೆಯಿಂದ ಬಂದ ಲೋಕಲ್ ನಿಂತಿತ್ತು, ಆಫೀಸಿಗೆ ಹೊರಟ ನಮ್ಮಂಥವರೇ ತುಂಬಿದ್ದರು. ಮಂಜು ಆಗಷ್ಟೇ ಕರಗುತ್ತಿತ್ತು. ಪರ್ತ್‌ನಿಂದ ರಾತ್ರಿಯಿಡೀ ಓಡಿ, ಒಂದು ಗಂಟೆಗೂ ಹೆಚ್ಚು ತಡವಾಗಿದ್ದ ಎಕ್ಸ್‌ಪ್ರೆಸ್ ಹಳದಿ ಸಿಗ್ನಲ್ ದಾಟಿತು, ಆಮೇಲೆ ಡೇಂಜರ್‌ನಲ್ಲಿದ್ದ ಎರಡು ಸಿಗ್ನಲ್ ದಾಟಿತು, ಬಂದು ಹಿಂದಿನಿಂದ ಗುದ್ದಿತು. ಕೆಲವೇ ಸೆಕೆಂಡಿನಲ್ಲಿ ಎದುರುಗಡೆಯಿಂದ, ಎರಡು ಎಂಜಿನ್ ಹಾಕಿದ್ದ ಲಿವರ್‌ಪೂಲ್ ಎಕ್ಸ್‌ಪ್ರೆಸ್ ಅದೇ ರಾಶಿಯ ಮೇಲೆ ನುಗ್ಗಿತು. ಸತ್ತವರು 112. ಗಾಯಗೊಂಡವರು 340.

ಹತ್ತಿರದ ಅಮೆರಿಕನ್ ವಾಯುಪಡೆ ನೆಲೆಯಿಂದ ಬಂದವರಲ್ಲಿ ಆಬಿ ಸ್ವೀಟ್‌ವೈನ್ ಅನ್ನೋ ಕಪ್ಪುವರ್ಣದ ನರ್ಸ್ ಇದ್ದರು. ಚಿಕಿತ್ಸೆ ಸಿಕ್ಕವರ ಹಣೆಯ ಮೇಲೆ ತಮ್ಮ ಲಿಪ್‌ಸ್ಟಿಕ್‌ನಿಂದ ಗುರುತು ಹಾಕಿದರಂತೆ, ಇನ್ನೊಬ್ಬರಿಗೆ ಗೊಂದಲ ಆಗದ ಹಾಗೆ. ಪೇಪರಿನವರು ಅವರನ್ನು ಆರನೇ ಪ್ಲಾಟ್‌ಫಾರ್ಮಿನ ದೇವತೆ ಅಂತ ಕರೆದರು. ಇದನ್ನು ನಾನು ಅಪ್ಪನಿಗೆ ಓದಿ ಹೇಳಿದೆ. ತಲೆಯಾಡಿಸಿದರು, ಆದರೆ ಕೇಳಿದ್ದು ಬೇರೆ.

"ಪರ್ತ್ ಗಾಡಿ ಡ್ರೈವರ್?"

"ಸತ್ತುಹೋದ ಅಪ್ಪ. ಫೈರ್‌ಮನ್ ಕೂಡ. ಯಾಕೆ ಸಿಗ್ನಲ್ ನೋಡಲಿಲ್ಲ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ."

ಮಾರನೇ ದಿನ ಅದೇ ಬೆಂಚಿನಲ್ಲಿ, ಎದುರಿನ ನಾಲ್ಕನೇ ಪ್ಲಾಟ್‌ಫಾರ್ಮನ್ನೇ ನೋಡ್ತಾ, ಅಪ್ಪ ಹೇಳಿದರು: "ನಾನೂ ಒಂದು ರೆಡ್ ದಾಟಿದ್ದೆ ಕಣೇ."

ನಾನು ಐದನೇ ಕ್ಲಾಸಲ್ಲಿದ್ದಾಗ. ಬೆಳಗಿನ ಜಾವ, ಎರಡನೇ ರಾತ್ರಿಯ ಡ್ಯೂಟಿ. ಸಿಗ್ನಲ್ ಕಂಡಿದ್ದು ನೆನಪಿದೆ, ಕೂಗಿದ್ದೂ ನೆನಪಿದೆ, ಆದರೆ ಏನು ಕೂಗಿದೆ ಅಂತ ನೆನಪಿಲ್ಲ. ಒಂದು ಎಂಜಿನ್ ಉದ್ದದಷ್ಟು ಮುಂದೆ ಹೋಗಿ ನಿಂತಿತ್ತು ಗಾಡಿ. ಮುಂದಿನ ಹಳಿ ಖಾಲಿ ಇತ್ತು. ಅಷ್ಟೇ ವ್ಯತ್ಯಾಸ. ಅವತ್ತೇ ಸಸ್ಪೆಂಡ್.

ನನಗೆ ಆ ವರ್ಷ ಚೆನ್ನಾಗಿ ನೆನಪಿದೆ. ಅಪ್ಪ ತಿಂಗಳುಗಟ್ಟಲೆ ಮನೇಲೇ ಇದ್ದ ವರ್ಷ! ದಿನಾ ಸೈಕಲ್ಲಲ್ಲಿ ಸ್ಕೂಲಿಗೆ ಬಿಡೋರು, ಸಂಜೆ ಕ್ವಾರ್ಟರ್ಸ್ ಹಿಂದೆ ಶಟಲ್ ಆಡಿಸೋರು, ಅವರೇಕಾಳು ಸುಲಿಯೋರು. 'ರಜಾ ಹಾಕಿದ್ದಾರೆ' ಅಂದಿದ್ದಳು ಅಮ್ಮ. ನನ್ನ ಬಾಲ್ಯದ ಅತ್ಯಂತ ಖುಷಿಯ ಕಾಲ ಯಾವುದು ಅಂತ ಯಾರಾದರೂ ಕೇಳಿದರೆ ಅದನ್ನೇ ಹೇಳ್ತಿದ್ದೆ. ಅಪ್ಪನ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಸುಮ್ಮನೆ ನಗೋರು.

"ನಂಗೆ ಹೇಳಬಹುದಿತ್ತಲ್ಲ ಅಪ್ಪ."

"ನೀನು ಅಷ್ಟು ಖುಷಿಯಾಗಿದ್ದೆ. ಏನಂತ ಹೇಳಲಿ?"

ಅಪೀಲಿನಲ್ಲಿ ಕೆಲಸ ಉಳಿಯಿತು, ಆದರೆ ಪ್ಯಾಸೆಂಜರ್ ಗಾಡಿ ಕೈಬಿಟ್ಟು ಮತ್ತೆ ಗೂಡ್ಸ್‌ಗೆ ಹೋದರು. ಕೊನೆವರೆಗೂ ಗೂಡ್ಸೇ. ನಾನು ಕಾಲೇಜಿನಲ್ಲಿ 'ನಮ್ಮಪ್ಪಂಗೆ ಗೂಡ್ಸ್ ಇಷ್ಟ, ಜನರ ಗಲಾಟೆ ಆಗಲ್ಲ' ಅಂತ ಫ್ರೆಂಡ್ಸಿಗೆ ಹೇಳ್ತಿದ್ದೆ. ಯಾರು ಹೇಳಿಕೊಟ್ಟಿದ್ದೋ ಆ ಮಾತು.

ಹ್ಯಾರೋ ಅಪಘಾತದ ನಂತರ ಬ್ರಿಟನ್ನಿನಲ್ಲಿ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಬೇಗ ಹಾಕತೊಡಗಿದರು. ಹಳಿಗಳ ನಡುವೆ, ಸಿಗ್ನಲ್‌ಗೆ ಸ್ವಲ್ಪ ಮುಂಚೆ, ಆಯಸ್ಕಾಂತ ಇಟ್ಟಿರುತ್ತಾರೆ. ಸಿಗ್ನಲ್ ಹಸಿರಿದ್ದರೆ ಕ್ಯಾಬಿನಲ್ಲಿ ಗಂಟೆ, ಇಲ್ಲದಿದ್ದರೆ ಹಾರ್ನ್. ಹಾರ್ನ್ ಬಂದು ಕೆಲವು ಸೆಕೆಂಡಿನಲ್ಲಿ ಡ್ರೈವರ್ ಗುಂಡಿ ಒತ್ತದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಹಳಿಗಳ ನಡುವೆ ಹಳದಿ ಪೆಟ್ಟಿಗೆ ಕಾಣುತ್ತಾ ಅಂತ ಬಗ್ಗಿ ಹುಡುಕಿದರು ಅಪ್ಪ. ಕೋಟು ಹಿಡಿದು ಹಿಂದಕ್ಕೆ ಎಳೆದೆ. ಈಗ ನಮ್ಮಲ್ಲಿ ಕವಚ್ ಬರ್ತಿದೆಯಲ್ಲ ಅಂದೆ. "ಬರಲಿ, ಬೇಗ ಬರಲಿ. ಮನುಷ್ಯ ಕಣ್ಣು ತೆರೆದೂ ನೋಡದೆ ಇರಬಹುದು. ನಂಗೆ ಗೊತ್ತು."

ಬೇಕರ್ಲೂ ಟ್ರೈನ್ ಬಂದು ಬಾಗಿಲು ತೆರೆಯಿತು. ಅಪ್ಪ ಏಳಲಿಲ್ಲ.

"ಅಮ್ಮನಿಗೆ ಎಲ್ಲಾ ಗೊತ್ತಿತ್ತಾ?" ಕೇಳಿದೆ.

"ಆ ಅಪೀಲ್ ಅರ್ಜಿ ಬರೆದಿದ್ದು ಯಾರು ಅಂದ್ಕೊಂಡೆ? ನನ್ನ ಅಕ್ಷರ ಗೊತ್ತಲ್ಲ ನಿಂಗೆ."

ಬಾಗಿಲು ಮುಚ್ಚಿ ಟ್ರೈನು ಹೊರಟಿತು. ಮುಂದಿನದಕ್ಕೆ ಹೋಗೋಣ ಅಂದರು. ಬ್ಯಾಗಿನಿಂದ ಚಕ್ಕುಲಿ ಡಬ್ಬಿ ತೆಗೆದು ಮಧ್ಯೆ ಇಟ್ಟೆ.