ಹುಡುಕುವವರ ಮಾತು

ಶ್ರೀಗಂಧದ ಕಾವಲಿನ ನಮ್ಮ ಮನೆಯಲ್ಲಿ ಸೊಸೆಯು ಹಪ್ಪಳಗಳನ್ನು ಮಾಡಿ ಮಾರುವಳು. ಆಕೆಯ ಜಾಲಪುಟಕ್ಕೆ ಒಕ್ಕಣೆ ಬರೆಯುವ ಭಾರವು ನನ್ನ ಮೇಲೆ ಬಿದ್ದಿತು. ಮೂವತ್ತು ವರ್ಷ ಮಕ್ಕಳಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದವನು ನಾನು. “ಗೃಹನಿರ್ಮಿತ ಮಾಷಪರ್ಪಟಗಳು” ಎಂದು ಬರೆದುಕೊಟ್ಟು ಹಿಗ್ಗಿದೆನು. ಮೂರು ತಿಂಗಳು ಕಳೆದರೂ ಹೊಸ ಗಿರಾಕಿಯೊಬ್ಬರೂ ಬರಲಿಲ್ಲ. ಹಪ್ಪಳವು ಡಬ್ಬಿಗಳಲ್ಲಿಯೇ ಉಳಿಯಿತು. ಸೊಸೆಯು ಒಂದು ಮಾತನ್ನೂ ಆಡಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಒಂದು ಸಂಜೆ ಮೊಮ್ಮಗಳು, “ತಾತ, ಜನ ಯಾವ ಮಾತು ಬರೆದು ಹುಡುಕುತ್ತಾರೋ ಅದೇ ನಮ್ಮ ಪುಟದಲ್ಲಿರಬೇಕಲ್ಲವೇ?” ಎಂದು ಗೂಗಲ್ ಟ್ರೆಂಡ್ಸ್ ಎಂಬುದನ್ನು ತೆರೆದು ತೋರಿಸಿದಳು. ಹುಡುಕಿದವರು ಇಷ್ಟು ಮಂದಿಯೆಂದು ಅದು ಹೇಳುವುದಿಲ್ಲ. ಅತ್ಯಧಿಕವಾದುದನ್ನು 100 ಎಂದಿಟ್ಟು ಉಳಿದುದನ್ನು ಅದಕ್ಕೆ ಹೋಲಿಸುವುದು. ನನ್ನ “ಪರ್ಪಟ”ಕ್ಕೆ ಅಲ್ಲಿ ಗೆರೆಯೇ ಏಳಲಿಲ್ಲ. “ಹಪ್ಪಳ”ವನ್ನಾದರೋ ಕೆಲವರು ಕನ್ನಡ ಲಿಪಿಯಲ್ಲಿಯೂ ಕೆಲವರು ಇಂಗ್ಲಿಷ್ ಲಿಪಿಯಲ್ಲಿಯೂ ಬರೆದು ಹುಡುಕುವರು. “ಪಾಪಡ್” ಎನ್ನುವವರೂ ಉಂಟು.

“ಹಾಗಾದರೆ ಹಪ್ಪಳವೆಂದು ಇಪ್ಪತ್ತು ಸಲ ಬರೆಯೋಣ” ಎಂದೆನು. ಅದೂ ತಪ್ಪಂತೆ, ಒಂದೇ ಮಾತನ್ನು ತುರುಕಿದ ಪುಟವನ್ನು ಗೂಗಲ್ ಮೋಸವೆಂದೆಣಿಸಿ ಹಿಂದಕ್ಕೆ ತಳ್ಳುವುದಂತೆ. ಕಡೆಗೆ “ಮನೆಯಲ್ಲಿ ಮಾಡಿದ ಉದ್ದಿನ ಹಪ್ಪಳ, ಶ್ರೀಗಂಧದ ಕಾವಲ್, ಬೆಂಗಳೂರು” ಎಂದು ತಿದ್ದಿ, ಒಂದು ಡಬ್ಬಿಯಲ್ಲಿ ಎಷ್ಟು ಹಪ್ಪಳ, ಬೆಲೆಯೆಷ್ಟು ಎಂಬುದನ್ನು ಕೆಳಗೆ ಬರೆದೆವು. ಯುಗಾದಿಗೆ ಮುಂಚೆ ನಾಗರಭಾವಿಯ ಗೃಹಿಣಿಯೊಬ್ಬರು ವಿಚಾರಿಸಿಕೊಂಡು ಬಂದು ನಾಲ್ಕು ಡಬ್ಬಿ ಕೊಂಡರು. ಡಬ್ಬಿಗಳೆಲ್ಲ ಬರಿದಾದುವೆಂದು ಹೇಳಲಾರೆ. ಆದರೆ ಸೊಸೆಯು ಮತ್ತೆ ಉದ್ದು ತರಿಸಿದಳು.

ವಾಚಕರೇ, ಒಂದು ವಸ್ತುವಿಗೆ ಎಷ್ಟು ಹೆಸರುಗಳೆಂದು ಜೀವಮಾನವೆಲ್ಲ ಕಲಿಸಿದೆನು. ಕೇಳುವವನು ಯಾವ ಹೆಸರಿನಿಂದ ಕೇಳುವನೆಂದು ಒಂದು ದಿನವಾದರೂ ವಿಚಾರಿಸಿದವನಲ್ಲ.