ಮೊದಲ ಪಂದ್ಯ, ಮೊದಲ ಮಳೆ

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹಳಗನ್ನಡ ಕಾವ್ಯದ ಯುದ್ಧವರ್ಣನೆಗಳನ್ನು ಬಿಡಿಸಿ ಹೇಳುವಾಗ ನನ್ನ ದನಿ ತಾನಾಗಿಯೇ ಏರುತ್ತದೆಂದು ವಿದ್ಯಾರ್ಥಿಗಳು ಹಿಂದಿನಿಂದ ಆಡಿಕೊಳ್ಳುವುದುಂಟು. ಆದರೆ ಆ ದನಿ ನಿಜವಾಗಿ ಏರುವುದನ್ನು ಕೇಳಬೇಕಾದರೆ ವರುಷದಲ್ಲಿ ಒಂದು ರಾತ್ರಿ ನಮ್ಮ ಮನೆಗೆ ಬರಬೇಕು. ಐ.ಪಿ.ಎಲ್. ಕ್ರಿಕೆಟ್ಟಿನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಆ ವರುಷದ ತನ್ನ ಮೊದಲ ಪಂದ್ಯವನ್ನು ಆಡುವ ರಾತ್ರಿ ಅದು. ಕೊನೆಯ ಪಂದ್ಯವನ್ನು ಲೋಕವೆಲ್ಲ ನೋಡುತ್ತದೆ. ಮೊದಲ ಪಂದ್ಯವನ್ನು ಕಾದು ಕುಳಿತು ನೋಡುವವನೇ ಅಭಿಮಾನಿ ಎಂಬುದು ನನ್ನ ಸಿದ್ಧಾಂತ.

ಅಂಥ ಮೂರು ರಾತ್ರಿಗಳ ಮಾತನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಒಂದು ಆಳಂದದ್ದು, ಒಂದು ಜೇವರ್ಗಿಯದು, ಮತ್ತೊಂದು ಅಫಜಲಪುರದ್ದು. ಮೂರೂ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳೇ. ಆಳಂದ ನನ್ನನ್ನು ಹೆತ್ತ ನೆಲ. ಜೇವರ್ಗಿ ಹೆಣ್ಣು ಕೊಟ್ಟ ಊರು. ಅಫಜಲಪುರ ಅನ್ನ ಕೊಟ್ಟ ಊರು.

ಮೊದಲನೆಯದು ೨೦೦೮ರ ಏಪ್ರಿಲ್ ೧೮ರ ರಾತ್ರಿ. ಬೆಂಗಳೂರು ತಂಡದ ಮೊದಲ ಪಂದ್ಯ ಮಾತ್ರವಲ್ಲ, ಐ.ಪಿ.ಎಲ್.ನದೇ ಮೊತ್ತಮೊದಲ ಪಂದ್ಯ ಅದು. ನಾನು ಆಗತಾನೆ ಪಿ.ಯು.ಸಿ. ಪರೀಕ್ಷೆ ಬರೆದು ಹಳ್ಳಿಯಲ್ಲಿ ದನ ಕಾಯುವುದಕ್ಕೂ ದಾರಿ ಕಾಯುವುದಕ್ಕೂ ನಡುವೆ ಇದ್ದೆ. ನಮ್ಮ ಹಳ್ಳಿಯಲ್ಲಿ ಸಂಜೆಯಾದರೆ ವಿದ್ಯುತ್ತಿನ ಭರವಸೆಯಿರಲಿಲ್ಲ. ಆದ್ದರಿಂದ ಗೆಳೆಯನೊಬ್ಬನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಳಂದದ ಒಂದು ಚಹಾದಂಗಡಿಗೆ ಬಂದೆ. ಅಂಗಡಿಯವನು ಟೀವಿಯನ್ನು ಗೋಡೆಯ ಎತ್ತರಕ್ಕೆ ಏರಿಸಿದ್ದ. ಒಂದು ಕಪ್ಪು ಚಹಾ ಕೊಂಡವರಿಗೆ ನಿಲ್ಲುವ ಹಕ್ಕು, ಸುಸಲಾ ಮಿರ್ಚಿ ಕೊಂಡವರಿಗೆ ಕೂರುವ ಹಕ್ಕು. ನಾವು ನಿಂತೆವು.

ಆಳಂದದವರಿಗೆ ಸೊಲ್ಲಾಪುರ ಹತ್ತಿರ; ಬೆಂಗಳೂರು ಹಗಲಿರುಳು ಪಯಣಿಸಬೇಕಾದ ಊರು. ನಮ್ಮ ಸೀಮೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದದ್ದು. ಕನ್ನಡ ನಾಡಿನೊಡನೆ ಕೂಡಿದ್ದು ೧೯೫೬ರಲ್ಲಿ. ಹೈದರಾಬಾದಿಗೂ ಒಂದು ತಂಡವಿತ್ತು, ಮುಂಬಯಿಗೂ ಒಂದು ತಂಡವಿತ್ತು. ದಾರಿಯ ಲೆಕ್ಕ ಹಿಡಿದರೆ ಅವೆರಡರಲ್ಲಿ ಒಂದು ನಮ್ಮದಾಗಬೇಕಿತ್ತು. ಆದರೆ ಆ ಅಂಗಡಿಯಲ್ಲಿ ಒಬ್ಬನಾದರೂ ಹಾಗೆಂದುಕೊಳ್ಳಲಿಲ್ಲ. ದ್ರಾವಿಡ್ ನಾಣ್ಯ ಚಿಮ್ಮಲು ಮೈದಾನಕ್ಕಿಳಿದಾಗ ಮುದುಕರೊಬ್ಬರು, “ನೋಡ್ರಿ, ನಮ್ಮ ಹುಡುಗ ಬಂದ” ಎಂದರು. ಬೆಂಗಳೂರನ್ನು ಅವರು ಎಂದೂ ಕಂಡಿರಲಾರರು. ಆದರೂ ಆ “ನಮ್ಮ” ಎಂಬ ಮಾತು ಅವರ ಬಾಯಲ್ಲಿ ಎಷ್ಟು ಸಹಜವಾಗಿತ್ತೆಂದರೆ, ದ್ರಾವಿಡ್ ಪಕ್ಕದ ಓಣಿಯವನೇ ಎನಿಸಿಬಿಟ್ಟಿತು.

ಮುಂದಿನ ಕಥೆ ಲೋಕಕ್ಕೆ ಗೊತ್ತು. ಕೋಲ್ಕತ್ತದ ಪರವಾಗಿ ಬ್ರೆಂಡನ್ ಮೆಕಲಮ್ ೭೩ ಚೆಂಡುಗಳಲ್ಲಿ ೧೫೮ ರನ್ ಹೊಡೆದ; ಅದರಲ್ಲಿ ೧೩ ಸಿಕ್ಸರು. ಕೋಲ್ಕತ್ತ ೨೨೨. ನಮ್ಮವರು ೮೨ಕ್ಕೆ ಮುಗಿಸಿದರು. ಅದರಲ್ಲಿಯೂ ಎದುರಾಳಿಗಳು ತಪ್ಪಿನಿಂದ ಕೊಟ್ಟ ಇತರೆ ರನ್ನುಗಳೇ ೧೯. ನಮ್ಮ ಯಾವ ಆಟಗಾರನೂ ಅಷ್ಟನ್ನು ಮುಟ್ಟಲಿಲ್ಲ. ಪ್ರವೀಣ್ ಕುಮಾರನ ೧೮ ರನ್ನೇ ನಮ್ಮ ಮಹಾಸಾಹಸ. ೧೪೦ ರನ್ನುಗಳ ಸೋಲು. ಕತ್ತಲಲ್ಲಿ ಸೈಕಲ್ ತುಳಿದು ಮನೆಗೆ ಬಂದಾಗ ನನಗೆ ಅಳುವೊಂದೇ ಬಾಕಿ.

ಬೆಳಿಗ್ಗೆ ಅಪ್ಪ ಕೇಳಿದ, “ಏನೋ ತಮ್ಮಾ, ಮಾರಿ ಯಾಕ ಹಂಗ ಮಾಡಿದಿ?”

ಹೇಳಿದೆ. ಅಪ್ಪ ತೊಗರಿ ಬೆಳೆಯುವ ಒಣಬೇಸಾಯದ ರೈತ. ಕ್ರಿಕೆಟ್ಟಿನ ಗಂಧಗಾಳಿಯಿಲ್ಲ. ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ತೆಗೆದು ಅವನು ಅಂದದ್ದಿಷ್ಟು: “ಮೊದಲನೇ ಮಳಿ ಕೈ ಕೊಟ್ಟದಂತ ಯಾರರ ಹೊಲ ಮಾರ್ತಾರೇನೋ?”

ಆ ಮಾತು ನನ್ನ ಎದೆಯಲ್ಲಿ ಬೇರೂರಿತು. ಹೊಲವನ್ನು ನಾನೂ ಮಾರಲಿಲ್ಲ. ೨೦೦೯, ೨೦೧೧, ೨೦೧೬, ಹೀಗೆ ಮೂರು ಬಾರಿ ನಮ್ಮ ತಂಡ ಅಂತಿಮ ಪಂದ್ಯದವರೆಗೆ ಬಂದು ಸೋತಿತು. ಮೂರರಲ್ಲಿ ಎರಡು ಸಲ ಸೋಲಿಸಿದ್ದು ಹೈದರಾಬಾದಿನ ತಂಡಗಳೇ ಎಂಬುದು ನಮ್ಮ ಸೀಮೆಯ ಅಭಿಮಾನಿಗಳಿಗೆ ಗಾಯದ ಮೇಲಿನ ಉಪ್ಪು. “ಈ ಸಲ ಕಪ್ ನಮ್ದೇ” ಎಂಬ ಘೋಷ ಮೊದಲು ಹುಮ್ಮಸ್ಸಿನದಾಗಿತ್ತು. ಬರಬರುತ್ತ ಅದು ಊರವರ ಬಾಯಿಗೆ ಹಾಸ್ಯವಾಯಿತು.

ಎರಡನೆಯ ರಾತ್ರಿ ೨೦೧೯ರ ಮಾರ್ಚ್ ೨೩ರದು. ಆಗ ನಾನು ಹೊಸ ಅಳಿಯ. ಭೀಮಾ ನದಿಯ ಸೇತುವೆ ದಾಟಿ ಜೇವರ್ಗಿಯ ಮಾವನ ಮನೆಗೆ ಹೋಗಿದ್ದೆ. ಅತ್ತೆಯವರು ಹೋಳಿಗೆ ಮಾಡಿದ್ದರು. ಹೊಸ ಅಳಿಯನಾದವನು ಮಾವನ ಮನೆಯಲ್ಲಿ ಟೀವಿಯ ಮುಂದೆ ಕೂಗಾಡಬಾರದೆಂಬ ವಿವೇಕ ನನಗಿತ್ತು. ಆದರೆ ಮುಖ ಮುಚ್ಚಿಕೊಳ್ಳುವ ವಿದ್ಯೆ ಇರಲಿಲ್ಲ. ಚೆನ್ನೈನಲ್ಲಿ ನಡೆದ ಆ ವರ್ಷದ ಮೊದಲ ಪಂದ್ಯದಲ್ಲಿ ನಮ್ಮ ತಂಡ ಎಪ್ಪತ್ತಕ್ಕೆ ಮುಗಿಯಿತು. ಪಾರ್ಥಿವ್ ಪಟೇಲನೊಬ್ಬನನ್ನು ಬಿಟ್ಟರೆ ಮತ್ತಾರೂ ಎರಡಂಕಿ ದಾಟಲಿಲ್ಲ. ನನ್ನ ಮುಂದಿನ ತಟ್ಟೆಯಲ್ಲಿ ಹೋಳಿಗೆ ಹಾಗೆಯೇ ಉಳಿದಿತ್ತು.

ಒಳಗೆ ಅತ್ತೆಯವರು ಮಗಳನ್ನು ಕೇಳುವುದು ನನ್ನ ಕಿವಿಗೂ ಬಿತ್ತು: “ಅಳಿಯಂದಿರು ಉಣವಲ್ರಲ್ಲ, ನಾವೇನರ ತಪ್ಪು ಮಾಡೀವೇನವ್ವಾ?”

“ನೀವಲ್ಲ ಅವ್ವಾ, ಬೆಂಗಳೂರಿನವ್ರು ಮಾಡ್ಯಾರ” ಎಂದಳು ನನ್ನಾಕೆ.

ಮಾವನವರು ನನ್ನನ್ನು ಸಮಾಧಾನಪಡಿಸುವುದು ತಮ್ಮ ಧರ್ಮವೆಂದು ಭಾವಿಸಿದರು. “ಎಪ್ಪತ್ತಂದ್ರ ಕಮ್ಮಿ ಏನಲ್ಲ ಬಿಡ್ರಿ. ನಮ್ಮ ಅಪ್ಪ ಸೈತ ಎಪ್ಪತ್ತಕ್ಕೇ ಔಟ್ ಆಗ್ಯಾನ” ಎಂದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕು ಹೋಳಿಗೆಗೆ ಕೈ ಹಾಕಿದೆ. ಆ ಮನೆಯಲ್ಲಿ ನಾನು ಅತಿಥಿಯಾಗಿದ್ದವನು ಮಗನಾದದ್ದು ಆ ಎಪ್ಪತ್ತು ರನ್ನಿನ ರಾತ್ರಿಯೇ.

ಸೋಲನ್ನು ಹೀಗೆ ಹಂಚಿಕೊಂಡು ಉಣ್ಣುವುದು ನಮ್ಮವರಿಗೆ ಮಾತ್ರ ಬಂದ ವಿದ್ಯೆಯಲ್ಲ. ಅಮೆರಿಕೆಯಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಅಲ್ಲಿಯ ಚಾಂಪಿಯನ್ ಪಟ್ಟವನ್ನು ಏಳು ಪಂದ್ಯಗಳ ಸರಣಿಯಲ್ಲಿ ನಾಲ್ಕನ್ನು ಗೆದ್ದವರಿಗೆ ಕಟ್ಟುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ತಂಡ ಆ ಸರಣಿಯನ್ನು ಏಳು ಬಾರಿ ಸೋತಿತ್ತು. ಅದರ ಅಭಿಮಾನಿಗಳಿಗೆ “ಮುಂದಿನ ವರ್ಷ ನೋಡಿ” ಎಂಬುದು ಜಪದ ಮಂತ್ರವಾಗಿತ್ತು. ೧೯೫೫ರಲ್ಲಿ ಮತ್ತೆ ಅದೇ ಯಾಂಕೀಸ್ ತಂಡ ಎದುರಾಯಿತು. ಮೊದಲ ಪಂದ್ಯವನ್ನೂ ಎರಡನೆಯ ಪಂದ್ಯವನ್ನೂ ಡಾಡ್ಜರ್ಸ್ ಸೋತರು; ಏಳನೆಯದು ಮುಗಿಯುವ ಹೊತ್ತಿಗೆ ಪಟ್ಟ ಅವರದಾಗಿತ್ತು. ಆ ಮೊದಲ ಪಂದ್ಯದ ರಾತ್ರಿ ಬ್ರೂಕ್ಲಿನ್ನಿನ ಯಾವನೋ ಒಬ್ಬ ಅಳಿಯ ಊಟ ಬಿಟ್ಟಿದ್ದಿರಬೇಕು.

ಮೂರನೆಯ ರಾತ್ರಿ ೨೦೨೫ರ ಮಾರ್ಚ್ ೨೨, ಶನಿವಾರ. ಅಫಜಲಪುರದಲ್ಲಿ ಆ ಹೊತ್ತಿಗಾಗಲೇ ಬಿಸಿಲು ಗೋಡೆಗಳನ್ನು ಕಾಯಿಸಿ ರಾತ್ರಿಯೂ ಮನೆಯೊಳಗೆ ಕೂರಗೊಡುತ್ತಿರಲಿಲ್ಲ. ಟೀವಿಯನ್ನು ಮಾಳಿಗೆಗೇ ಹೊತ್ತು ತಂದೆವು. ಓಣಿಯ ಹುಡುಗರು ಚಾಪೆ ಹಾಸಿದರು. ನನ್ನಾಕೆ ಚುರುಮುರಿ ಕಲಸಿದಳು. ಊರಿನಿಂದ ಬಂದಿದ್ದ ಅಪ್ಪ ಮೂಲೆಯ ಹೊರಸಿನಲ್ಲಿ ಒರಗಿದ. ಹಿಂದಿನ ವರ್ಷವಷ್ಟೇ ಪದವಿ ಮುಗಿಸಿದ ನನ್ನೊಬ್ಬ ವಿದ್ಯಾರ್ಥಿ, ಭೀಮಾತೀರದ ಹಳ್ಳಿಯವನು, ಕೆಂಪು ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ಕುಳಿತ. ರಾಯಚೂರಿನ ಮನೋಜ್ ಭಾಂಡಗೆ ತಂಡದ ಪಟ್ಟಿಯಲ್ಲಿದ್ದಾನೆಂಬುದೇ ಅವನಿಗೆ ದೊಡ್ಡ ಹೆಮ್ಮೆ. “ಸರ್, ಈಗರ ನಮ್ಮ ಕಡೆಯವ ಒಬ್ಬ ಅದಾನ್ರೀ” ಎಂದ. ಆ ರಾತ್ರಿ ಆಡಿದ ಹನ್ನೊಂದು ಮಂದಿಯಲ್ಲಿ ಭಾಂಡಗೆ ಇರಲಿಲ್ಲ. ಆದರೂ ಪಟ್ಟಿಯಲ್ಲಿದ್ದರೆ ಸಾಲದೆ?

ಎದುರಾಳಿ ಮತ್ತೆ ಕೋಲ್ಕತ್ತವೇ. ಮೈದಾನವೂ ಅವರದೇ, ಈಡನ್ ಗಾರ್ಡನ್ಸ್. ಹೇಜಲ್‌ವುಡ್ ಮೊದಲನೆಯ ಓವರಿನಲ್ಲಿಯೇ ಒಬ್ಬನನ್ನು ಕಳಿಸಿದಾಗ ನಮ್ಮ ಮಾಳಿಗೆ ನಡುಗಿತು. ಅನಂತರ ರಹಾನೆ ಮತ್ತು ನರೈನ್ ನೂರು ದಾಟಿ ಜೊತೆಯಾಟವಾಡಿದರು. ಹುಡುಗರು ಸುಮ್ಮನಾದರು. “ಮತ್ತ ಹಳೇ ಹಾಡೇ ಐತ್ರೀ ಸರ್” ಎಂದ ಒಬ್ಬ. ಆದರೆ ಕೃಣಾಲ್ ಪಾಂಡ್ಯ ಮೂವರನ್ನು ಉರುಳಿಸಿದ; ಇನ್ನೂರು ದಾಟಬಹುದೆಂದಿದ್ದ ಮೊತ್ತ ೧೭೪ಕ್ಕೆ ನಿಂತಿತು. ಬಳಿಕ ಸಾಲ್ಟ್ ೫೬, ಕೊಹ್ಲಿ ಔಟಾಗದೆ ೫೯. ೨೨ ಚೆಂಡುಗಳು ಉಳಿದಿರುವಾಗಲೇ ಏಳು ವಿಕೆಟ್ಟುಗಳ ಜಯ. ಹುಡುಗರ ಕೇಕೆಗೆ ಓಣಿಯ ನಾಯಿಗಳೆಲ್ಲ ದನಿಗೂಡಿಸಿದವು. ಅಪ್ಪನಿಗೆ ಎಚ್ಚರವಾಯಿತು.

“ಗೆದ್ರೇನು?”

“ಗೆದ್ದೀವ್ರೀ ಮುತ್ಯಾ! ಈ ಸಲ ಕಪ್ ನಮ್ದೇ!” ಎಂದು ಕೂಗಿದ ಕೆಂಪು ಅಂಗಿಯ ಹುಡುಗ.

“ಇನ್ನೂ ಎಷ್ಟು ಆಟ ಅದಾವ?”

“ಇನ್ನೂ ಹದಿಮೂರು ಅದಾವ್ರೀ. ಆಮ್ಯಾಲೆ ಮತ್ತೂ ಅದಾವ.”

ಅಪ್ಪ ಹೊದಿಕೆ ಎಳೆದುಕೊಳ್ಳುತ್ತ, “ಹಂಗಾದ್ರ ಮೊದಲನೇ ಮಳೀಗೇ ಚೀಲ ಹೊಲೀಲಾಕ ಕುಂದ್ರಬ್ಯಾಡ್ರಪಾ” ಎಂದ. ಹುಡುಗರು ಗೊಳ್ಳೆಂದು ನಕ್ಕರು. ಹದಿನೇಳು ವರುಷಗಳ ಹಿಂದೆ ಮೊದಲ ಸೋಲಿಗೆ ಕುಗ್ಗಬೇಡವೆಂದವನು ಈಗ ಮೊದಲ ಗೆಲುವಿಗೆ ಹಿಗ್ಗಬೇಡವೆಂದ. ಎರಡೂ ಒಂದೇ ಮಾತೆಂದು ನನಗೆ ಹೊಳೆದದ್ದು ತಡವಾಗಿ.

ಬೆಳೆ ಕೈಗೆ ಬಂತು. ಜೂನ್ ೩ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ನಮ್ಮ ತಂಡ ಪಂಜಾಬನ್ನು ಆರು ರನ್ನುಗಳಿಂದ ಗೆದ್ದಿತು. ೨೦೦೯ರಲ್ಲಿ ಕಪ್ಪು ಕೈತಪ್ಪಿದ್ದೂ ಆರೇ ರನ್ನುಗಳಿಂದ. ಹದಿನೆಂಟನೆಯ ವರ್ಷಕ್ಕೆ ಬಂದ ಕಪ್ಪು. ಆ ರಾತ್ರಿ ಅಫಜಲಪುರದಲ್ಲಿ ಹಾರಿದ ಪಟಾಕಿಯ ಹೊಗೆ ಬೆಳಗಿನವರೆಗೂ ಆರಲಿಲ್ಲ.

ಕೆಂಪು ಅಂಗಿಯ ಹುಡುಗ ಆಗ ಊರಲ್ಲಿರಲಿಲ್ಲ. ಮೇ ತಿಂಗಳಲ್ಲಿಯೇ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ ಹಿಡಿದಿದ್ದ. ನಮ್ಮ ಮೂರೂ ತಾಲ್ಲೂಕುಗಳಿಂದ ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ದುಡಿಯಲು ಹೋಗುವವರಿಗೆ ಲೆಕ್ಕವಿಲ್ಲ. ಮರುದಿನ, ಜೂನ್ ೪ರ ಮಧ್ಯಾಹ್ನ, ಅವನು ಫೋನ್ ಮಾಡಿ, “ಸರ್, ಕಪ್ ನೋಡಲಾಕ ಸ್ಟೇಡಿಯಮ್ಮಿಗಿ ಹೊಂಟೀನ್ರೀ. ನಿಮ್ಮ ಪರವಾಗಿ ಸೈತ ನೋಡಿ ಬರ್ತೀನಿ” ಎಂದ. ನಾನೂ ಹಿಗ್ಗಿ, “ಹೋಗಿ ಬಾ” ಎಂದೆ.

ಸಂಜೆ ಟೀವಿಯಲ್ಲಿ ಸುದ್ದಿ ಬಂತು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. ಸತ್ತವರ ಸಂಖ್ಯೆ ಏರುತ್ತ ಏರುತ್ತ ಹನ್ನೊಂದಕ್ಕೆ ಬಂತು. ರನ್ನುಗಳ ಸಂಖ್ಯೆ ಏರುವುದನ್ನು ಯಾವ ಪೆಟ್ಟಿಗೆಯ ಮುಂದೆ ಕುಳಿತು ನೋಡುತ್ತಿದ್ದೆನೋ ಅದರ ಮುಂದೆಯೇ ಕುಳಿತು ಇದನ್ನೂ ನೋಡಿದೆ. ಹುಡುಗನ ಫೋನ್ ಹತ್ತಲಿಲ್ಲ. ಅವನ ತಾಯಿ ನನಗೆ ಫೋನ್ ಮಾಡಿದಳು. “ನಿಮಗ ಹೇಳಿ ಹೋಗ್ಯಾನಂತಲ್ರೀ ಸರ್?” ಎಂಬ ಆಕೆಯ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. “ಹೋಗಿ ಬಾ” ಎಂದಿದ್ದವನು ನಾನೇ. ಎಂ.ಎ. ಓದಿದ ನಾಲಿಗೆ ಅಂದು ಆ ತಾಯಿಗೆ ಹೇಳಲು ಒಂದು ಶಬ್ದವನ್ನೂ ಹುಡುಕಿಕೊಡಲಿಲ್ಲ.

ರಾತ್ರಿ ಹತ್ತೂವರೆಗೆ ಅವನ ದನಿ ಕೇಳಿತು. ತಾನು ಗೇಟಿನವರೆಗೂ ಹೋಗಲಾರದೆ, ನೂಕಿನಲ್ಲಿ ಹೇಗೋ ಪಕ್ಕಕ್ಕೆ ಬಿದ್ದು, ಕೋಣೆಗೆ ನಡೆದುಕೊಂಡೇ ಬಂದನಂತೆ. ಒಂದು ಚಪ್ಪಲಿ ಅಲ್ಲಿಯೇ ಹೋಯಿತಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಪ್ ನೋಡಲಿಲ್ರೀ ಸರ್” ಎಂದ. ಊರಿನಲ್ಲಿದ್ದ ಅಪ್ಪನಿಗೂ ಫೋನಿನಲ್ಲಿ ವಿಷಯ ತಿಳಿಸಿದೆ. ಮಳೆಯ ಮಾತು, ಬೆಳೆಯ ಮಾತು ಯಾವುದನ್ನೂ ಅಪ್ಪ ಎತ್ತಲಿಲ್ಲ. “ಹುಡುಗ ಉಂಡಾನೋ ಇಲ್ಲೋ, ಅದನ್ನ ಕೇಳು ಮೊದಲ” ಎಂದ. ನಾನು ಮತ್ತೆ ಫೋನ್ ಮಾಡಿ ಕೇಳಿದೆ. ಉಂಡಿರಲಿಲ್ಲ.

ಎರಡನೆಯ ವಾರದಲ್ಲಿ ಕಾರಹುಣ್ಣಿಮೆ. ಹುಡುಗ ಹಬ್ಬಕ್ಕೆ ಊರಿಗೆ ಬಂದ. ತಾಯಿ ನನ್ನನ್ನೂ ಕರೆದಿದ್ದಳು, ಹೋದೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಅಗಸೆಯ ಮುಂದೆ ಕರಿ ಹರಿಯುವುದು ನಮ್ಮ ಕಡೆಯ ಪದ್ಧತಿ. ಓಡಿ ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರುಷ ಯಾವ ಬೆಳೆ ಚೆನ್ನಾಗಿ ಬಂದೀತೆಂದು ಹಿರಿಯರು ಹೇಳುತ್ತಾರೆ. ರೈತನ ಪಾಲಿಗೆ ಅದೂ ಒಂದು ಮೊದಲ ಪಂದ್ಯವೇ. ಊರಿಗೆ ಊರೇ ಅಗಸೆಯಲ್ಲಿ ಕೂಡಿತ್ತು. ಮಕ್ಕಳು ಎತ್ತುಗಳನ್ನು ನೋಡಬೇಕೆಂದು ದೊಡ್ಡವರ ಕಾಲುಗಳ ನಡುವೆ ನುಸುಳಿ ಮುಂದೆ ಮುಂದೆ ಬರುತ್ತಿದ್ದವು.

ಹುಡುಗ ಅವರಿಗೆ ಎದುರಾಗಿ, ಅಗಸೆಗೆ ಬೆನ್ನು ತಿರುಗಿಸಿ ನಿಂತಿದ್ದ. ಎರಡೂ ಕೈಗಳನ್ನು ಅಗಲವಾಗಿ ಚಾಚಿ, “ಹಿಂದಕ ಸರೀರಿ, ಇನ್ನೊಂದೀಟು ಹಿಂದಕ ಸರೀರಿ, ಸಣ್ಣ ಹುಡುಗರು ಅದಾವ” ಎಂದು ಕೂಗುತ್ತಿದ್ದ. ಹಿಂದೆ ಎತ್ತುಗಳ ಗೆಜ್ಜೆಯ ಸದ್ದು, ಜನರ ಕೇಕೆ ಕೇಳಿತು. ಯಾವ ಎತ್ತು ಮುಂದೆ ಬಂತೆಂದು ಅವನು ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ, ಅವನ ಪಕ್ಕಕ್ಕೆ ಹೋಗಿ ಕೈ ಚಾಚಿ ನಿಂತೆ.