ಪುಟ ತಿರುವಲಾಗದ ಲೆಡ್ಜರು

ಬ್ಯಾಂಕಿಗೆ ಕಂಪ್ಯೂಟರ್ ಬಂದ ಹೊಸತು. ಬಡ್ಡಿ 11 ರೂಪಾಯಿ ಕಡಿಮೆ ಬಂದಿದೆ ಎಂದರು ಅಜ್ಜಿಯೊಬ್ಬರು. ಪೆನ್ಸಿಲ್ ಹಿಡಿದು ಗುಣಿಸಿದೆ, ಅವರದೇ ಸರಿ. ಲೆಡ್ಜರಾದರೆ ಪುಟ ತಿರುವಿ ತಪ್ಪು ಹುಡುಕುತ್ತಿದ್ದೆ. ಪ್ರೋಗ್ರಾಮಿನ ಒಳಗನ್ನು ನಮಗಾರಿಗೂ ತೋರಿಸಿರಲಿಲ್ಲ. "ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ" ಎಂದು ಅವರನ್ನು ಕಳಿಸಿಬಿಟ್ಟೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಬಳಸುವವರಿಗೆ ಒಳಗನ್ನು ನೋಡುವ, ತಿದ್ದುವ, ಹಂಚುವ ಹಕ್ಕಿರಬೇಕೆಂದು ಹಠ ಹಿಡಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. 1983ರಲ್ಲೇ ಗ್ನೂ ಯೋಜನೆ ಸಾರಿದರು. ಮೊಮ್ಮಗಳು ಈಗ ನನಗೆ ಕಲಿಸುತ್ತಿರುವ ಪೈಥಾನ್ ಭಾಷೆಯೂ ಹೀಗೆ ತೆರೆದಿಟ್ಟದ್ದೇ. (ಹೆಸರು ಹೆಬ್ಬಾವಿನದಲ್ಲ, ಬ್ರಿಟನ್ನಿನ ಹಾಸ್ಯತಂಡ ಮಾಂಟಿ ಪೈಥಾನ್‌ನದು!)

ಮೊನ್ನೆ ನಾಲ್ಕು ಸಾಲಿನಲ್ಲಿ ಬಡ್ಡಿ ಲೆಕ್ಕ ಬರೆದೆ. ಸಾವಿರ ರೂಪಾಯಿಗೆ ವರ್ಷಕ್ಕೆ ಏಳು ಸಾವಿರ ಬಡ್ಡಿ ಬಂತು. ಮೊಮ್ಮಗಳು ನಗುತ್ತ ಮೂರನೇ ಸಾಲಿಗೆ ಬೆರಳಿಟ್ಟಳು. ನೂರರಿಂದ ಭಾಗಿಸುವುದನ್ನೇ ಮರೆತಿದ್ದೆ.